ಮೂರನೆಯ ಹರವಿ

ದುರುಗಮ್ಮ ಹೇಳುತ್ತಿದ್ದ ಕಥೆಗಳಲ್ಲಿ ರಾಣಿಯರು ಯಾವಾಗಲೂ ಕಾಡಿನಿಂದಲೇ ಬರುತ್ತಿದ್ದರು. ಹರಿದ ಸೀರೆ, ಜಡೆಗಟ್ಟಿದ ಕೂದಲು, ಅಂಗಾಲಿನಲ್ಲಿ ಮುಳ್ಳು. ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಊರ ಹೊರಗಿನ ಗುಡಿಸಲಿನ ಹೆಣ್ಣೊಬ್ಬಳು ಮಾತ್ರ ತಂಬಿಗೆ ನೀರು ಕೊಡುತ್ತಿದ್ದಳು. ಮುಂದೆ ಆ ರಾಣಿ ಸಿಂಹಾಸನ ಏರಿ, ನೀರು ಕೊಟ್ಟವಳಿಗೆ ಪಲ್ಲಕ್ಕಿ ಕಳಿಸುತ್ತಿದ್ದಳು. ದುರುಗಮ್ಮನ ಮೊಮ್ಮಗಳು ಬಂಡೆಮ್ಮ ಈ ಕಥೆಯನ್ನು ನೂರು ಸಲ ಕೇಳಿದ್ದಳು. ನೂರು ಸಲವೂ ನಂಬಿದ್ದಳು.

ನಲವತ್ತೆರಡರ ಬೇಸಿಗೆಯಲ್ಲಿ ರಾಯಚೂರು ಸ್ಟೇಷನ್ನಿಗೆ ಬಂದ ರೈಲುಗಳಿಂದ ಇಳಿದವರೂ ಕಾಡಿನಿಂದಲೇ ಬಂದಿದ್ದರು. ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ್ದರು. ಅಲ್ಲಿನ ಅಕ್ಕಿ ಗಿರಣಿಗಳಲ್ಲಿ, ಬಂದರಿನಲ್ಲಿ ದುಡಿಯಲು ಹೋದವರು ಗುಡ್ಡ, ಹೊಳೆ ದಾಟಿ ತಿಂಗಳುಗಟ್ಟಲೆ ನಡೆದು, ಬದುಕಿದಷ್ಟು ಮಂದಿ ಮದ್ರಾಸಿನ ಕಡೆಯಿಂದ ರೈಲು ಹತ್ತಿ ಬರುತ್ತಿದ್ದರು. ಸ್ಟೇಷನ್ನಿನ ಎದುರಿನ ಮುಸಾಫಿರಖಾನೆಯಲ್ಲಿ ಪೇಟೆಯ ಸಾಹುಕಾರರ ಕಮಿಟಿ ಅವರಿಗೆ ಗಂಜಿ ಕಾಯಿಸುತ್ತಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಗುಲಾಮ್ ರಸೂಲ್ ಕುಳಿತಿರುತ್ತಿದ್ದ. ಬಂದವರ ಹೆಸರು, ಗಂಡನ ಹೆಸರು, ಎಲ್ಲಿಂದ ಬಂದದ್ದು, ಯಾಕೆ ಬಂದದ್ದು, ಎಲ್ಲಿಗೆ ಹೋಗುವುದು. ಖಾನೆ ಖಾನೆಯಾಗಿ, ಕಚೇರಿಯ ಭಾಷೆಯಾದ ಉರ್ದುವಿನಲ್ಲಿ ಬರೆದುಕೊಟ್ಟರೆ ಜೋಳದ ಚೀಟಿ ಸಿಗುತ್ತಿತ್ತು.

ಬಂಡೆಮ್ಮ ಅಲ್ಲಿ ಕಸ ಹೊಡೆಯುತ್ತಿದ್ದಳು. ಮದುವೆಯಾದ ವರ್ಷವೇ ಗಂಡ ಸತ್ತಿದ್ದ. ಅಂಗಳ ಅವಳದು. ಪಾಯಖಾನೆ ಅವಳದು. ರೋಗ ಬಿದ್ದವರ ಬಟ್ಟೆ ಅವಳದು. ಪಡಸಾಲೆಯಲ್ಲಿ ಮಣ್ಣಿನ ಎರಡು ದೊಡ್ಡ ಹರವಿ ನೀರು ತುಂಬಿ ಇಟ್ಟಿದ್ದರು. ಒಂದು ಹಿಂದೂಗಳಿಗೆ, ಒಂದು ಮುಸಲ್ಮಾನರಿಗೆ. ಎರಡರ ಕೆಳಗಿನ ಕೆಸರನ್ನೂ ಬಂಡೆಮ್ಮನೇ ಬಳಿಯಬೇಕು. ಎರಡರಲ್ಲಿ ಒಂದನ್ನೂ ಮುಟ್ಟುವಂತಿಲ್ಲ. ನೀರಡಿಸಿದರೆ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಇಂಜಿನ್ನಿಗೆ ನೀರು ಬಿಡುವ ಕೊಳವೆಯ ಕೆಳಗೆ ಗಡಿಗೆ ಹಿಡಿಯಬೇಕು. ಇಂಜಿನ್ನು ಕುಡಿದು ಬಿಟ್ಟದ್ದು ಅವಳ ಪಾಲು.

ಒಂದು ಬೆಳಗ್ಗೆ ಗುಲಾಮ್ ರಸೂಲ್ ಚೀಟಿ ಹಿಡಿದು, ಪೋತ್ನಾಳದಿಂದ ಎರಡು ಹರದಾರಿ ಒಳಗಿನ ಒಂದು ಊರಿನ ಹೆಸರು ಕೂಗಿ, ಯಾರಿಗಾದರೂ ಗೊತ್ತೇ ಎಂದು ಕೇಳಿದ. ಬಂಡೆಮ್ಮ ಪೊರಕೆ ಕೆಳಗಿಟ್ಟಳು. ಅದು ಅವಳದೇ ಊರು. ದುರುಗಮ್ಮ ಈಗಲೂ ಅಲ್ಲಿಯ ಕೇರಿಯಲ್ಲಿದ್ದಳು.

ಆ ಊರಿಗೆ ಹೋಗಬೇಕಾದವಳು ಗೋಡೆಗೆ ಒರಗಿ ಕೂತಿದ್ದಳು. ಹೆಸರು ಮಹಾಂತಮ್ಮ. ಲಿಂಗವಂತರ ಮನೆಯ ಸೊಸೆ. ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ರಂಗೂನಿಗೆ ಹೋದವಳು, ಊರಲ್ಲಿ ಅವಳ ಮುಖ ನೆನಪಿದ್ದವರು ಇರಲಿಲ್ಲ. ಗಂಡ ರಂಗೂನಿನಲ್ಲಿ ಅಕ್ಕಿ ಗಿರಣಿಯ ಗುಮಾಸ್ತನಾಗಿದ್ದ. ಬರುವ ದಾರಿಯಲ್ಲಿ ಒಂದು ಹೊಳೆ ಅವನನ್ನು ಎಳೆದುಕೊಂಡು ಹೋಗಿತ್ತು. ಊರಲ್ಲಿ ಮಾವನ ಮನೆ ಇದೆ, ಹತ್ತು ವರ್ಷದಿಂದ ಬೀಗ ಬಿದ್ದಿದೆ ಎಂದಳು. ಆ ಮನೆ ಬಂಡೆಮ್ಮನಿಗೆ ಗೊತ್ತಿತ್ತು. ಮನೆಗಿಂತ ಅದರ ಹಿತ್ತಲಿನ ಬಾವಿ ಗೊತ್ತಿತ್ತು. ಊರಿಗೆಲ್ಲ ಸವಳು ನೀರು, ಅದೊಂದು ಬಾವಿಯಲ್ಲಿ ಸಿಹಿನೀರು. ಕೇರಿಯವರು ಅದರ ರಾಟೆಯ ಸದ್ದು ಕೇಳಿದ್ದರು, ನೀರಿನ ರುಚಿ ಕಂಡಿರಲಿಲ್ಲ. ಅವರ ನೀರು ಹಳ್ಳದ ಉಸುಕಿನಲ್ಲಿ ತೋಡಿದ ವರ್ತಿಯದು. ಬೇಸಿಗೆಯಲ್ಲಿ ಅದು ಆಳುದ್ದ ಇಳಿಯುತ್ತಿತ್ತು. ಬೊಗಸೆ ಬೊಗಸೆ ತುಂಬಿ ಕೊಡ ಹೊತ್ತು ಮೇಲೇರಿ ಏರಿ ದುರುಗಮ್ಮನ ಸೊಂಟ ಮುರಿದುಹೋಗಿತ್ತು.

ಅಂದೇ ಸಂಜೆ ಮಹಾಂತಮ್ಮನಿಗೆ ವಾಂತಿ ಭೇದಿ ಹತ್ತಿತು. ಜೊತೆಗಿದ್ದವರು ಚಾಪೆ ಎತ್ತಿಕೊಂಡು ಆಚೆ ಮೂಲೆಗೆ ಹೋದರು. ಅಡುಗೆಯವನು ಗಂಜಿಯ ಬಟ್ಟಲನ್ನು ಬಾಗಿಲಲ್ಲಿಟ್ಟು ತಿರುಗಿ ನೋಡದೆ ನಡೆದ. ಒಳಗೆ ಹೋದವಳು ಬಂಡೆಮ್ಮ ಒಬ್ಬಳೇ. ಅವಳು ಹೋಗಲೇಬೇಕಿತ್ತು, ಹೊಲಸು ಬಳಿಯುವ ಕೆಲಸ ಅವಳದು. ಬಳಿದಾದ ಮೇಲೆ ಹೊರಗೆ ಬರಬಹುದಿತ್ತು. ಬರಲಿಲ್ಲ.

ಮಹಾಂತಮ್ಮ ನೀರು ಕೇಳಿದಳು. ಬಂಡೆಮ್ಮ ಮುಚ್ಚಿಡಲಿಲ್ಲ.

"ನಾನು ಮಾದಿಗರಾಕಿರೀ ಅವ್ವಾ. ಇದು ನನ್ನ ಗಡಗಿ ನೀರು."

"ಎಮ್ಮಿ ಗೊರಸಿನ ಕುಣಿಯಾಗ ನಿಂತ ನೀರು ಕುಡದು ಬಂದೀನಿ," ಎಂದಳು ಮಹಾಂತಮ್ಮ. "ಕೊಡು."

ಹನ್ನೊಂದು ದಿನ. ಬಂಡೆಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಪ್ಪಿನಿಂದ ಗಂಜಿ ಬಿಟ್ಟಳು. ತೊಯ್ದ ಸೀರೆ ಬಿಚ್ಚಿ ಒಗೆದಳು. ಅಂಗಾಲುಗಳನ್ನು ತೊಳೆದಳು. ಆ ಅಂಗಾಲುಗಳಲ್ಲಿ ಚರ್ಮ ಇರಲಿಲ್ಲ. ಬೇರೆಯವರ ನೆಲದ ಮೇಲೆ ನಡೆದು ನಡೆದು ಸವೆದ ಮಾಂಸ ಇತ್ತು. ಐದನೆಯ ದಿನ, ಒಗೆಯಲು ಎತ್ತಿದ ಹೊಲಸು ಬಟ್ಟೆಯಿಂದ ಏನೋ ಉರುಳಿತು. ಮಹಾಂತಮ್ಮನ ಕೊರಳ ಲಿಂಗ. ಅದನ್ನಿಡುವ ಬೆಳ್ಳಿಯ ಕರಡಿಗೆಯನ್ನು ದಾರಿಯಲ್ಲೆಲ್ಲೋ ಎರಡು ಸೇರು ಅಕ್ಕಿಗೆ ಕೊಟ್ಟು, ಲಿಂಗವನ್ನು ಅರಿವೆಯಲ್ಲಿ ಸುತ್ತಿಕೊಂಡಿದ್ದಳು. ಆ ಅರಿವೆ ಕೊಳೆತುಹೋಗಿತ್ತು. ಲಿಂಗ ಕಳೆದುಕೊಂಡವರಿಗೆ ಬದುಕೇ ಬೇಡವಾಗುತ್ತದೆ ಎಂದು ಬಂಡೆಮ್ಮ ಕೇಳಿ ಬಲ್ಲಳು. ಮುಟ್ಟಬಾರದ್ದು ಎಂದೂ ಬಲ್ಲಳು. ಹೊಲಸಿನಲ್ಲಿ ಬಿದ್ದದ್ದನ್ನು ಎತ್ತಲು ಅಲ್ಲಿ ಅವಳ ಕೈ ಬಿಟ್ಟರೆ ಬೇರೆ ಕೈ ಇರಲಿಲ್ಲ. ಎತ್ತಿದಳು. ತೊಳೆದಳು. ತನ್ನ ಸೀರೆಯ ಕೆಂಪು ಸೆರಗಿನಿಂದ ಒಂದು ಪಟ್ಟಿ ಹರಿದು, ಅದರಲ್ಲಿ ಸುತ್ತಿ, ಅವಳ ಕೊರಳಿಗೆ ಕಟ್ಟಿದಳು. ಚರ್ಮದ ಬಾರಿಗೆ ಅವಳ ಅಪ್ಪ ಹಾಕುತ್ತಿದ್ದ ಗಂಟು ಅದು. ಎಳೆದಷ್ಟೂ ಬಿಗಿಯುತ್ತದೆ.

ಕಣ್ಣು ಬಿಟ್ಟ ದಿನ ಮಹಾಂತಮ್ಮ ಮೊದಲು ಕೊರಳು ಮುಟ್ಟಿ ನೋಡಿಕೊಂಡಳು. ಆಮೇಲೆ ಬಂಡೆಮ್ಮನ ಹರಿದ ಸೆರಗು ನೋಡಿದಳು. ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು.

"ನೀ ನನ್ನ ಒಡಹುಟ್ಟಿದಾಕಿ. ಆ ಮನಿ ನನ್ನ ಕೈಗೆ ಬಂತಂದ್ರ ಹಿತ್ತಲ ಬಾವಿ ನಿಮ್ಮ ಕೇರಿದು. ಮ್ಯಾಲಿಂದ ಯಾರೂ ಸುರೀಬೇಕಾಗಿಲ್ಲ. ನಿಮ್ಮ ಕೊಡ, ನಿಮ್ಮ ಕೈ, ನೀವ ಸೇದ್ರಿ."

ಬಂಡೆಮ್ಮ ಕೇಳಿರಲಿಲ್ಲ. ಅವಳಾಗಿಯೇ ಹೇಳಿದ್ದು. ಪಲ್ಲಕ್ಕಿ ಹೊರಟಿತು ಎಂದುಕೊಂಡಳು ಬಂಡೆಮ್ಮ.

ಆಮೇಲಿನ ಒಂದು ತಿಂಗಳು ಅವಳ ಕಾಲು ನಿಲ್ಲಲಿಲ್ಲ. ಮಹಾಂತಮ್ಮನ ತವರು ದೇವದುರ್ಗ. ಬಂಡೆಮ್ಮ ಎರಡು ದಿನ ನಡೆದು ಅಲ್ಲಿಗೆ ಹೋಗಿ, ಅಣ್ಣನ ಮನೆಯ ಕಟ್ಟೆಯ ಕೆಳಗೆ ನಿಂತು ಸುದ್ದಿ ಮುಟ್ಟಿಸಿದಳು. ಅಣ್ಣ ಕಟ್ಟೆ ಇಳಿಯಲಿಲ್ಲ. ಹೊರದೇಶ ತಿರುಗಿ ಬಂದ ವಿಧವೆ, ದಾರಿಯಲ್ಲಿ ಏನೇನಾಗಿದೆಯೋ, ನಮ್ಮಲ್ಲಿ ಹೆಣ್ಣುಮಕ್ಕಳ ಮದುವೆ ಇದೆ ಎಂದ. ಎರಡು ರೊಟ್ಟಿ ಮೇಲಿನಿಂದ ಸೆರಗಿಗೆ ಬಿದ್ದವು. ಎರಡು ದಿನ ನಡೆದು ಬಂಡೆಮ್ಮ ವಾಪಸು ಬಂದಳು. ಅಣ್ಣ ಊರಲ್ಲಿರಲಿಲ್ಲ ಎಂದು ಮಹಾಂತಮ್ಮನಿಗೆ ಹೇಳಿದಳು. ಅವಳು ಹೇಳಿದ ಸುಳ್ಳು ಅದೊಂದೇ.

ಉಳಿದದ್ದು ಗಂಡನ ಮನೆ. ಗುಲಾಮ್ ರಸೂಲ್ ಮಾನ್ವಿಯ ತಹಶೀಲ್ದಾರರಿಗೆ ಅರ್ಜಿ ಬರೆದುಕೊಟ್ಟ. ರಾಯಚೂರಿಗೆ ಜೋಳ ಇಳಿಸಿ ಖಾಲಿ ಹೊರಟಿದ್ದ ಬಂಡಿಯಲ್ಲಿ ಮಹಾಂತಮ್ಮನನ್ನು ಕೂರಿಸಿದರು. ಬಂಡಿಯವನು ಬಂಡೆಮ್ಮನನ್ನು ಹತ್ತಿಸಲಿಲ್ಲ. ಅವಳು ಹಿಂದೆ ಧೂಳು ತಿನ್ನುತ್ತ ನಡೆದಳು. ಮಾನ್ವಿಯಲ್ಲಿ ಬಡೇಬೀ ಎಂಬ ಮುದುಕಿಯ ಕೈಕಾಲು ಹಿಡಿದು ಮಹಾಂತಮ್ಮನಿಗೆ ಮಲಗಲು ಪಡಸಾಲೆ ಕೊಡಿಸಿದಳು. ತಾನು ಗೋಡೆಯಾಚೆ ಮಲಗಿದಳು. ನಾಲ್ಕು ದಿನ ಕಚೇರಿಯ ಬಿಸಿಲಲ್ಲಿ ಕೂತಳು. ಕರೆದರೆ ಮಹಾಂತಮ್ಮನನ್ನು ಏಳಿಸುವುದು, ಕರೆಯದಿದ್ದರೆ ಜವಾನನಿಗೆ ಮತ್ತೆ ನೆನಪು ಮಾಡುವುದು. ಐದನೆಯ ದಿನ ಹುಕುಂ ಬಂತು. ಊರಿನ ಪಟೇಲರು ಐವರು ಹಿರಿಯರ ಮುಂದೆ ವಿಚಾರಿಸಬೇಕು. ಇವಳೇ ಆ ಮನೆಯ ಸೊಸೆ ಎಂದು ಖಾತ್ರಿಯಾದರೆ ಕೀಲಿ ಕೊಡಬೇಕು.

ಕೀಲಿ ಇದ್ದದ್ದು ಹಂಪಯ್ಯನ ಹತ್ತಿರ. ಅವನು ಮಹಾಂತಮ್ಮನ ಗಂಡನಿಗೆ ದಾಯಾದಿ ಅಣ್ಣ. ಹತ್ತು ವರ್ಷದಿಂದ ಆ ಮನೆಯ ಹೊಲ ಉಳುತ್ತಿದ್ದ, ಆ ಬಾವಿಯ ನೀರು ಕುಡಿಯುತ್ತಿದ್ದ.

ಚಾವಡಿಯ ಮೇಲೆ ಪಟೇಲ ರಾಮಲಿಂಗಪ್ಪ, ಹಂಪಯ್ಯ, ಹಿರಿಯರು. ಒಂದು ಮೂಲೆಯಲ್ಲಿ ಸೆರಗು ಹೊದ್ದ ಮಹಾಂತಮ್ಮ. ಕೆಳಗೆ ಬಿಸಿಲಲ್ಲಿ ಬಂಡೆಮ್ಮ. ಅವಳ ಹಿಂದೆ, ಇನ್ನೂ ದೂರದಲ್ಲಿ, ಕೇರಿಯ ಮಂದಿ. ಬಾವಿಯ ಮಾತು ಅವರ ಕಿವಿಗೂ ಬಿದ್ದಿತ್ತು. ದುರುಗಮ್ಮ ಕೋಲೂರಿಕೊಂಡು ಬಂದು ಕೂತಿದ್ದಳು.

ಹಂಪಯ್ಯ ಮೊದಲು, ಇವಳು ನಮ್ಮ ಸೊಸೆಯೇ ಅಲ್ಲ, ಬರ್ಮಾದಲ್ಲಿ ಸತ್ತ ಯಾರದೋ ಹೆಸರು ಹೇಳಿಕೊಂಡು ಬಂದವಳು ಎಂದ. ರಾಮಲಿಂಗಪ್ಪ ಸಾಕ್ಷಿ ಕೇಳಿದ. ಸಾಕ್ಷಿ ಬಂಡೆಮ್ಮ. ಅವಳು ಎಲ್ಲ ಹೇಳಿದಳು. ಯಾವ ರೈಲು, ಯಾವ ಚೀಟಿ. ಜ್ವರದಲ್ಲಿ ಮಹಾಂತಮ್ಮ ಕನವರಿಸಿದ್ದು: ಅತ್ತೆಯ ಹೆಸರು, ದೇವರ ಮನೆಯ ಗೂಡು, ಹಿತ್ತಲಿನ ಕರಿಬೇವು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹೌದು, ಸರಿಯಾಗಿಯೇ ಇದೆ ಎಂದು ಒಬ್ಬ ಗೊಣಗಿದ. ಬಂಡೆಮ್ಮನ ಎದೆ ಉಬ್ಬಿತು. ಕಥೆಯಲ್ಲಿ ರಾಣಿಯನ್ನು ಗುರುತು ಹಿಡಿಯುವ ಗಳಿಗೆ ಇದೇ.

ಹಂಪಯ್ಯನ ದನಿ ಮೆತ್ತಗಾಯಿತು.

"ಎಷ್ಟು ದಿನ ಬ್ಯಾನಿ ಬಿದ್ದಿದ್ಳು ಬೇ?"

"ಹನ್ನೊಂದ್ ದಿನರೀ ಯಪ್ಪಾ."

"ಹನ್ನೊಂದ್ ದಿನ ಉಪಾಸ ಇದ್ಳೇನು?"

"ಉಪಾಸ ಯಾಕಿರ್ತಾರ್ರೀ. ಗಂಜಿ ನಾನ ಕುಡಿಸೀನಿ. ನೀರು ನಾನ ಬಾಯಾಗ ಬಿಟ್ಟೀನಿ. ಈ ಕೈಲೆ."

ಕೈ ಎತ್ತಿ ತೋರಿಸಿದಳು. ಆ ಕೈ ಎತ್ತಿದಾಗಲೂ ಅವಳಿಗೆ ತಿಳಿಯಲಿಲ್ಲ. ಹಿರಿಯರು ಮಹಾಂತಮ್ಮನಿಂದ ದೂರ ಸರಿದು ಕೂತಾಗ ತಿಳಿಯಿತು. ಹಿಂದೆ ಕೇರಿಯ ಹಿರಿಯ ಗದ್ದೆಪ್ಪ ನೆಲಕ್ಕೆ ಕುಕ್ಕರಿಸಿದ.

ಹಂಪಯ್ಯ ಈಗ ಸೊಸೆ ಅಲ್ಲ ಎನ್ನಲಿಲ್ಲ. ಸೊಸೆಯೇ ಇರಲಿ ಎಂದ. ಹೊರದೇಶದ ಅಡವಿಯಲ್ಲಿ ಜೀವ ಉಳಿಸಿಕೊಳ್ಳಲು ಏನು ತಿಂದರೂ ಆ ಮೈಲಿಗೆಯನ್ನು ಮಠದಯ್ಯ ತೊಳೆದುಕೊಡುತ್ತಾನೆ. ಸ್ವಂತ ನಾಡಿಗೆ ಬಂದು, ಗೊತ್ತಿದ್ದೂ ಗೊತ್ತಿದ್ದೂ ಹನ್ನೊಂದು ದಿನ ಮಾದಿಗರ ಕೈಯ ಕೂಳು ತಿಂದವಳನ್ನು ಏನು ತೊಳೆದೀತು? ಆ ಮನೆಯ ದೇವರ ಗೂಡನ್ನು ಇವಳು ಮುಟ್ಟುವುದು ಹೇಗೆ?

ರಾಮಲಿಂಗಪ್ಪ ಮಹಾಂತಮ್ಮನ ಕಡೆ ತಿರುಗಿದ. ಖರೇನೋ ಸುಳ್ಳೋ, ನೀನೇ ಹೇಳು ಎಂದ.

ಮಹಾಂತಮ್ಮ ತಲೆ ಎತ್ತಿ ಬಂಡೆಮ್ಮನನ್ನು ನೋಡಿದಳು. ಒಂದೇ ಸಲ. ಆಮೇಲೆ ಅವಳ ಕೈ ಕೊರಳಿಗೆ ಹೋಯಿತು.

"ಈ ಲಿಂಗದಾಣಿ," ಎಂದಳು. "ಇಕಿ ಕೈಲೆ ನಾ ಏನೂ ಮುಟ್ಟಿಲ್ಲ. ಅಲ್ಲಿ ಕಸ ಹೊಡೀತಿದ್ಳು, ಅಷ್ಟ. ಸುಳ್ಳು ಹೇಳಾಕತ್ಯಾಳ."

ಮುಷ್ಟಿಯ ಸಂದಿಯಿಂದ ಕೆಂಪು ಸೆರಗಿನ ತುದಿ ಹೊರಗೆ ಇಣುಕುತ್ತಿತ್ತು. ಬಂಡೆಮ್ಮನ ಗಂಟು ಹಾಗೆಯೇ ಇತ್ತು. ಇನ್ನೂ ಬಿಗಿದಿತ್ತು.

ಹೇಳಬಹುದಿತ್ತು. ಆ ಅರಿವೆ ಬಿಚ್ಚಿ ನನ್ನ ಸೆರಗಿಗೆ ಹೊಂದಿಸಿ ನೋಡ್ರಿ ಎಂದರೆ ಸಾಕಿತ್ತು. ಅವಳು ಉಟ್ಟಿದ್ದದ್ದು ಅದೇ ಸೀರೆ, ಇದ್ದದ್ದೇ ಅದೊಂದು. ಸೆರಗಿನ ಹರಿದ ಭಾಗ ಎಲ್ಲರ ಕಣ್ಣ ಮುಂದೆ ಜೋತು ಬಿದ್ದಿತ್ತು. ಆ ಒಂದು ಮಾತಿಗೆ ಮಹಾಂತಮ್ಮನ ಮನೆ ಹೋಗುತ್ತಿತ್ತು. ಮನೆಯ ಜೊತೆ ಲಿಂಗ, ಲಿಂಗದ ಜೊತೆ ಮಠ, ಕಷ್ಟಕ್ಕೆ ಆಗುವ ನಾಲ್ಕು ಮಂದಿ. ಬೀದಿಗೆ ಬಿದ್ದವಳ ಅಂಗಾಲು ಹೇಗಿರುತ್ತದೆ ಎಂದು ತೊಳೆದವಳಿಗೆ ಗೊತ್ತು. ಬಂಡೆಮ್ಮ ಆ ಮಾತನ್ನು ನುಂಗಿದಳು. ಮಹಾಂತಮ್ಮನಿಗೆ ಅವಳು ಕೊಟ್ಟ ಕೊನೆಯ ತುತ್ತು ಅದು. ಅದನ್ನೂ ಮಹಾಂತಮ್ಮ ಮುಖ ತಿರುಗಿಸಿಕೊಂಡೇ ಉಂಡಳು.

ಲಿಂಗ ಹಿಡಿದು ಆಣೆ ಮಾಡಿದ ಮೇಲೆ ಹಂಪಯ್ಯ ಕೀಲಿ ಕೊಡಲೇಬೇಕಾಯಿತು. ಹಿರಿಯರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಸುಳ್ಳು ಹೇಳಿ ಮೇಲಿನವರ ಮನೆಗೆ ಮೈಲಿಗೆ ಹಚ್ಚಲು ಬಂದ ಬಂಡೆಮ್ಮ ಧೂಳಿನಲ್ಲಿ ಮೂಗು ತಿಕ್ಕಬೇಕು, ಸುಳ್ಳು ಹೇಳಿದೆ ಎಂದು ಮೂರು ಸಲ ಕೂಗಬೇಕು ಎಂದರು.

ಗದ್ದೆಪ್ಪ ಓಡಿ ಬಂದು ಅವಳ ಪಕ್ಕ ಬಗ್ಗಿದ. "ಅಂದ್ಬಿಡು ತಂಗಿ. ಮೂಗೇನು ಸವೀತದನು. ದಿನಾ ತಿಕ್ಕೋ ಮಂದಿ ನಾವು."

"ಅದಕ್ಕ ಯಣ್ಣಾ," ಎಂದಳು ಬಂಡೆಮ್ಮ.

ಆಮೇಲೆ ಚಾವಡಿಗೆ ಕೇಳುವಂತೆ ಹೇಳಿದಳು.

"ನಾ ಕುಡಿಸೀನಿ. ಆಕಿ ಕುಡದಾಳ. ಇಷ್ಟ ಖರೆ. ಮೂಗು ತಿಕ್ಕಂಗಿಲ್ಲ."

ತಳವಾರ ಹಿಂದಿನಿಂದ ಮೊಳಕಾಲ ಸಂದಿಗೆ ಕೋಲಿನಿಂದ ಹೊಡೆದ. ಬಿದ್ದಳು. ಎದ್ದಳು. ಮತ್ತೆ ಹೊಡೆದ. ಮತ್ತೆ ಎದ್ದಳು. ಬಾಯಲ್ಲಿ ಮಣ್ಣು, ಮಣ್ಣಲ್ಲಿ ರಕ್ತದ ರುಚಿ. ಮೂಗು ನೆಲಕ್ಕೆ ಮುಟ್ಟಿತ್ತು, ಅವಳು ತಿಕ್ಕಿರಲಿಲ್ಲ. ಮೂರನೆಯ ಸಲ ಬಿದ್ದಾಗ ಹೇಳೇ, ಹೇಳೇ ಎಂದು ತಳವಾರನೇ ಬೇಡಿಕೊಂಡ. ಎದ್ದು ನಿಂತು ಮಹಾಂತಮ್ಮನ ಕಡೆ ನೋಡಿದಳು. ಮಹಾಂತಮ್ಮ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

ಬಂಡೆಮ್ಮ ಊರಲ್ಲಿರುವ ತನಕ ಕೇರಿಯ ಯಾರನ್ನೂ ಕೆಲಸಕ್ಕೆ ಕರೆಯಬಾರದು ಎಂದು ಡಂಗುರ ಹೊಡೆಸಿದರು. ಡಂಗುರ ಹೊಡೆದವನೂ ಕೇರಿಯವನೇ. ಮರುದಿನ ಗದ್ದೆಪ್ಪ ಗುಡಿಸಲ ಮುಂದೆ ಬಂದು ಕೂತು ಕಡ್ಡಿಯಿಂದ ನೆಲ ಗೀರತೊಡಗಿದ. ಹೋಗು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅವನು ಎದ್ದು ಹೋಗುವ ಮೊದಲೇ ಬಂಡೆಮ್ಮ ದುರುಗಮ್ಮನನ್ನು ಬೆನ್ನಿಗೆ ಹಾಕಿಕೊಂಡಳು.

ದಾರಿ ಆ ಮನೆಯ ಹಿತ್ತಲ ಗೋಡೆಯ ಮಗ್ಗುಲಿಗೇ ಇತ್ತು. ಒಳಗೆ ರಾಟೆ ಕಿರುಗುಟ್ಟುತ್ತಿತ್ತು. ಇವರ ಹೆಜ್ಜೆ ಕೇಳಿ ನಿಂತಿತು. ಮೋಟು ಗೋಡೆಯ ಮೇಲಿಂದ ಮಹಾಂತಮ್ಮನ ಮುಖ ಕಂಡಿತು. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ತುಂಬಿದ ಕೊಡ. ಬಂಡೆಮ್ಮ ನಿಂತಳು. ಒಂದು ಮಾತಿಗೆ ಬೇಕಾಗುವಷ್ಟು ಹೊತ್ತು ನಿಂತಳು. ಮುಖ ಕೆಳಗಿಳಿಯಿತು. ರಾಟೆ ಮತ್ತೆ ತಿರುಗತೊಡಗಿತು.

ಅಜ್ಜಿ ಮೊಮ್ಮಗಳು ಮಾನ್ವಿ ದಾಟಿದರು. ಆಮೇಲೆ ಬಂಡೆಮ್ಮ ಕೇಳಿದಳು.

"ಯವ್ವಾ, ಪಲ್ಲಕ್ಕಿ ಬರ್ತದ ಅಂತ ಯಾಕ ಹೇಳ್ತಿದ್ದಿ?"

"ನಮ್ಮವ್ವ ಹೇಳಿದ್ಳು, ನಾ ಹೇಳಿದೆ," ಎಂದಳು ಬೆನ್ನ ಮೇಲಿನ ದುರುಗಮ್ಮ. "ಪಲ್ಲಕ್ಕಿ ಹೊರಾವ್ರು ಯಾರಂತ ನೀನೂ ಒಮ್ಮೀನೂ ಕೇಳಲಿಲ್ಲ."

ರಾಯಚೂರು ಮುಟ್ಟಲು ನಾಲ್ಕು ದಿನ ಹಿಡಿಯಿತು. ಬಂಡೆಮ್ಮನ ಅಂಗಾಲಿನ ಚರ್ಮ ಸುಲಿದಿತ್ತು. ಬೇವಿನ ಗಿಡದ ಕೆಳಗೆ ದುರುಗಮ್ಮನನ್ನು ಇಳಿಸಿ, ನಮಗೂ ಒಂದು ಚೀಟಿ ಬರೆದುಕೊಡು ಎಂದು ಗುಲಾಮ್ ರಸೂಲನನ್ನು ಕೇಳಿದಳು. ಅವನು ಲೆಕ್ಕಣಿಕೆ ಮಸಿಯಲ್ಲಿ ಅದ್ದಿ ಹೆಸರು, ಗಂಡನ ಹೆಸರು ಬರೆದ. ಮೂರನೆಯ ಖಾನೆಗೆ ಬಂದು ನಿಂತ.

"ಎಲ್ಲಿಂದ ಬಂದಿ ಅಂತ ಬರೀಲಿ?"

"ಊರಿಂದ."

"ಯಾಕ ಬಂದಿ?"

"ಹೊರಗ ಹಾಕಿದ್ರು."

ಅವನು ಲೆಕ್ಕಣಿಕೆಯನ್ನು ಕಾಗದದಿಂದ ಮೇಲೆತ್ತಿದ. ಯಾ ಅಲ್ಲಾ ಎಂದು ಉಸಿರು ಬಿಟ್ಟ. ಚೀಟಿ ಇರುವುದು ಬರ್ಮಾದಿಂದ ಬಂದವರಿಗೆ. ಪೋತ್ನಾಳದ ಕಡೆಯಿಂದ ಓಡಿಬಂದವರಿಗೆ ಸರ್ಕಾರದ ಹತ್ತಿರ ಖಾನೆ ಇಲ್ಲ ಎಂದ. ಆಮೇಲೆ ದನಿ ತಗ್ಗಿಸಿದ.

"ರಂಗೂನ್ ಅಂತ ಬರೀತೀನಿ ಬಂಡೆಮ್ಮ. ಕೌನ್ ಪೂಛ್ತಾ, ಯಾರು ಕೇಳ್ತಾರ."

"ಬ್ಯಾಡ ಸಾಬ್ರೆ. ಖರೆ ಹೇಳಿ ಸುಳ್ಳಾಕಿ ಅನ್ನಿಸ್ಕೊಂಡು ಬಂದೀನಿ. ಇನ್ನ ಸುಳ್ಳು ಹೇಳಿ ಉಣ್ಲೇನು?"

ಪೊರಕೆ ಅವಳು ಇಟ್ಟ ಮೂಲೆಯಲ್ಲೇ ಇತ್ತು. ಎತ್ತಿಕೊಂಡಳು. ಎರಡು ಹರವಿಗಳ ಕೆಳಗೆ ತಿಂಗಳ ಕೆಸರು ಕೂತು ಪಾಚಿ ಹಿಡಿದಿತ್ತು. ಬಳಿಯುತ್ತ ಬಳಿಯುತ್ತ ಅವಳ ಕೈ ನಿಂತಿತು.

ಮುಸಾಫಿರಖಾನೆಯ ಹಿಂದೆ ಬಾಯಿ ಒಡೆದ ಒಂದು ಹರವಿ ಬಿದ್ದಿತ್ತು. ಬಂಡೆಮ್ಮ ಅದನ್ನು ಉಜ್ಜಿ ತೊಳೆದಳು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮೂರು ಕಲ್ಲು ಹೂಡಿ ಇಟ್ಟಳು. ಇಂಜಿನ್ನಿನ ಕೊಳವೆಯಿಂದ ಏಳು ಗಡಿಗೆ ತಂದು ತುಂಬಿಸಿದಳು. ಕಮಿಟಿಯ ಗುಮಾಸ್ತ ಬಂದು ಇದೇನು ಹೊಸದು ಎಂದು ಗದರಿದ. ನನ್ನ ಅಜ್ಜಿಗೆ ನೀರು ಎಂದಳು. ಅವನು ಹೋದ. ದುರುಗಮ್ಮ ಹರವಿಯ ಮಗ್ಗುಲಿಗೆ ಬೆನ್ನು ಕೊಟ್ಟು ತಂಪಿಗೆ ಕೂತಳು.

ಮಧ್ಯಾಹ್ನದ ರೈಲು ಬಂತು. ಮತ್ತೆ ಅವೇ ಮಂದಿ. ಕಾಲಿಗೆ ಚಿಂದಿ ಸುತ್ತಿದವರು, ಕೈಯಲ್ಲಿ ಏನೂ ಇಲ್ಲದವರು. ಪಡಸಾಲೆಯ ಎರಡು ಹರವಿಗಳ ಮುಂದೆ ಸಾಲು ಕಟ್ಟಿತು. ಕೊನೆಯ ಡಬ್ಬಿಯಿಂದ ಇಳಿದ ಒಬ್ಬ ಹೆಂಗಸಿಗೆ ಅಲ್ಲಿಯ ತನಕ ನಡೆಯಲು ಕಸುವಿರಲಿಲ್ಲ. ತುಟಿ ಒಡೆದು ರಕ್ತ ಒಣಗಿತ್ತು. ಕೈಗೆ ಸಿಕ್ಕ ಹರವಿಯ ಮುಂದೆ ಬಂದು ಬೊಗಸೆ ಒಡ್ಡಿದಳು.

ಬಂಡೆಮ್ಮ ತಂಬಿಗೆ ಅದ್ದಿದಳು. ತುಂಬಿದಳು. ಎತ್ತಿ ಹಿಡಿದಳು.

"ನಾ ಮಾದಿಗರ ಬಂಡೆಮ್ಮ. ಇದು ನನ್ನ ನೀರು. ಬ್ಯಾಡಂದ್ರ ಅಲ್ಲಿ ಇನ್ನೆರಡು ಹರವಿ ಅದಾವ, ಕೈ ಹಿಡಿದು ನಾನ ಕರಕೊಂಡು ಹೋಗ್ತೀನಿ. ಇಲ್ಲೇ ಕುಡಿಯೋದಾದ್ರ ನನ್ನ ಹೆಸರು ಹೇಳಿ ಕುಡಿ. ಸಣ್ಣಗ ಅಲ್ಲ. ಇಲ್ಲಿದ್ದ ಮಂದಿಗೆಲ್ಲ ಕೇಳಬೇಕು."

ಹೆಂಗಸು ದೂರದ ಸಾಲನ್ನು ನೋಡಿದಳು. ತಂಬಿಗೆಯನ್ನು ನೋಡಿದಳು. ಸಾಲಿನಲ್ಲಿದ್ದ ಒಬ್ಬಿಬ್ಬರು ಇತ್ತ ತಿರುಗಿದರು. ಬೇವಿನ ಗಿಡದ ಕೆಳಗೆ ಗುಲಾಮ್ ರಸೂಲ್ ಲೆಕ್ಕಣಿಕೆ ಕೆಳಗಿಟ್ಟ.

ಒಡೆದ ತುಟಿಗಳು ಬಿಚ್ಚಿದವು. ನೀರಿಗೋ, ಹೆಸರಿಗೋ ಇನ್ನೂ ಗೊತ್ತಿರಲಿಲ್ಲ.

ಬಂಡೆಮ್ಮ ತಂಬಿಗೆ ಬಗ್ಗಿಸಲಿಲ್ಲ. ಕಾದಳು.